ತಲೆಮಾರುಗಳನ್ನು ಎಣಿಸುವ ವಿಜ್ಞಾನ

ಕಾಡಂಚಿನ ರಾಗಿ ಹೊಲಕ್ಕೆ ಆನೆ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಜೀವವಿಜ್ಞಾನದಲ್ಲಿ ಎರಡು ಬಗೆಯ ಉತ್ತರಗಳುಂಟು. ಎರಡೂ ಏಕಕಾಲಕ್ಕೆ ಸರಿಯಾಗಿರಬಲ್ಲವು. ರಾಗಿ ತೆನೆಗಟ್ಟುವ ಹೊತ್ತಿಗೆ ಕಾಡಿನ ಹುಲ್ಲು ಬಲಿತು ಒರಟಾಗಿರುತ್ತದೆ, ಅದರಲ್ಲಿ ಸಿಗುವುದಕ್ಕಿಂತ ಹೆಚ್ಚಿನ ಪ್ರೋಟೀನು, ಕ್ಯಾಲ್ಸಿಯಂ, ಸೋಡಿಯಂಗಳು ಹೊಲದ ಬೆಳೆಯಲ್ಲಿ ಸಿಗುತ್ತವೆ, ಆದ್ದರಿಂದ ಆನೆ ಬರುತ್ತದೆ ಎಂಬುದು ಮೊದಲನೆಯ ಉತ್ತರ. ಆದರೆ 1980ರ ದಶಕದ ಆರಂಭದಲ್ಲಿ ಬಿಳಿಗಿರಿರಂಗನ ಬೆಟ್ಟ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನಾ ವಿದ್ಯಾರ್ಥಿಯಾಗಿ ಅಧ್ಯಯನ ನಡೆಸಿದ ರಾಮನ್ ಸುಕುಮಾರ್ ಅವರಿಗೆ, ಬೆಳೆದ ಗಂಡಾನೆಗಳು ಹೆಣ್ಣಾನೆಗಳಿಗಿಂತ ಹಲವು ಪಟ್ಟು ಹೆಚ್ಚು ಸಲ ಹೊಲಗಳಿಗೆ ನುಗ್ಗುತ್ತವೆ ಎಂಬುದು ಕಂಡುಬಂತು. ಹಸಿವು ಇಬ್ಬರಿಗೂ ಒಂದೇ, ಹೊಲದಲ್ಲಿ ಪಟಾಕಿ, ಬಂದೂಕು, ವಿದ್ಯುತ್ ತಂತಿಗಳ ಅಪಾಯವೂ ಒಂದೇ. ಹಾಗಿದ್ದೂ ಈ ವ್ಯತ್ಯಾಸವೇಕೆ ಎಂದು ಕೇಳಿದಾಗ ಎರಡನೆಯ ಉತ್ತರ ಬೇಕಾಗುತ್ತದೆ. ಹೆಣ್ಣಾನೆ ಬದುಕುಳಿದರೆ ಸಾಕು, ಬಹುಮಟ್ಟಿಗೆ ಮರಿ ಹಾಕಿಯೇ ಹಾಕುತ್ತದೆ. ಗಂಡಿಗೆ ಹಾಗಲ್ಲ, ದೇಹಗಾತ್ರ ದೊಡ್ಡದಾಗಿದ್ದು, ಮದವೇರಿದ ಅವಧಿಯನ್ನು ಚೆನ್ನಾಗಿ ತಾಳಿಕೊಳ್ಳುವ ಕೆಲವೇ ಸಲಗಗಳಿಗೆ ಸಂತಾನದ ಬಹುಪಾಲು ದಕ್ಕುತ್ತದೆ. ಆದ್ದರಿಂದ ಪುಷ್ಟಿಕರವಾದ ಆಹಾರಕ್ಕಾಗಿ ಪ್ರಾಣವನ್ನೇ ಪಣಕ್ಕಿಡುವ ಸ್ವಭಾವ ಗಂಡಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದುಬಂದಿರಬಹುದು ಎಂಬ ವಿವರಣೆಯನ್ನು ಸುಕುಮಾರ್ ಮತ್ತು ಅವರ ಮಾರ್ಗದರ್ಶಕರಾದ ಮಾಧವ ಗಾಡ್ಗೀಳ್ 1988ರಲ್ಲಿ ಪ್ರಕಟಿಸಿದರು.

ಮೊದಲನೆಯ ಬಗೆಯ ಉತ್ತರವನ್ನು ಅರಸುವುದು ಪರಿಸರಶಾಸ್ತ್ರ, ಅಂದರೆ ಜೀವಿಗಳು ಎಲ್ಲಿ, ಎಷ್ಟು ಸಂಖ್ಯೆಯಲ್ಲಿವೆ, ಪರಸ್ಪರರೊಡನೆ ಮತ್ತು ನೆಲ, ನೀರು, ಹವೆಗಳೊಡನೆ ಯಾವ ಸಂಬಂಧದಿಂದ ಬದುಕುತ್ತಿವೆ ಎಂಬುದರ ಅಧ್ಯಯನ. ಎರಡನೆಯದನ್ನು ಅರಸುವುದು ವಿಕಾಸ ಜೀವವಿಜ್ಞಾನ, ಅಂದರೆ ಜೀವಿಗಳ ರೂಪವೂ ನಡವಳಿಕೆಯೂ ತಲೆಮಾರುಗಳ ಉದ್ದಕ್ಕೂ ಹೇಗೆ ಬದಲಾಗುತ್ತ ಬಂದವು, ಏಕೆ ಹಾಗೆಯೇ ಬದಲಾದವು ಎಂಬುದರ ಅಧ್ಯಯನ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ನಿಸರ್ಗದ ಆಯ್ಕೆಯ ಸಿದ್ಧಾಂತವನ್ನು ಪುಸ್ತಕರೂಪದಲ್ಲಿ ಮುಂದಿಟ್ಟ ಏಳು ವರ್ಷಗಳಿಗೆ, ಅವನ ಅನುಯಾಯಿಯೇ ಆಗಿದ್ದ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಪರಿಸರಶಾಸ್ತ್ರಕ್ಕೆ ಅದರ ಪಾಶ್ಚಾತ್ಯ ಹೆಸರನ್ನು ಕೊಟ್ಟನು. ಹೀಗೆ ಹುಟ್ಟಿನಿಂದಲೇ ನಂಟುಳ್ಳ ಈ ಎರಡನ್ನೂ ಜಗತ್ತಿನ ಹಲವು ವಿಶ್ವವಿದ್ಯಾಲಯಗಳು ಒಂದೇ ವಿಭಾಗದಲ್ಲಿ ಕಲಿಸುತ್ತವೆ. ಭಾರತದಲ್ಲಿ ಈ ವಿದ್ಯೆ ಗಟ್ಟಿಯಾಗಿ ಬೇರೂರಿದ ನೆಲೆಗಳಲ್ಲಿ ಬೆಂಗಳೂರು ಮುಖ್ಯವಾದದ್ದು. ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಮರಳಿದ್ದ ಗಾಡ್ಗೀಳ್ 1983ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದರು. ನಗರದ ಉತ್ತರ ಭಾಗದಲ್ಲೇ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯ, ಅದೇ ಆವರಣಕ್ಕೆ ಹೊಂದಿಕೊಂಡ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಗಳೂ ಇವೆ.

ಈ ವಿದ್ಯೆಯ ಬಗ್ಗೆ ಜನಸಾಮಾನ್ಯರಲ್ಲಿ ಇರುವ ಒಂದು ತಿಳಿವಳಿಕೆಯನ್ನು ಆರಂಭದಲ್ಲೇ ತಿದ್ದಬೇಕಾಗಿದೆ. ಪರಿಸರಶಾಸ್ತ್ರವೆಂದರೆ ಪರಿಸರ ಸಂರಕ್ಷಣೆಯ ಕಾಳಜಿ, ಗಿಡ ನೆಡುವುದು, ಕಾಡು ಸುತ್ತುವುದು ಎಂಬ ಭಾವನೆ ವಿದ್ಯಾರ್ಥಿಗಳಲ್ಲೂ ಪೋಷಕರಲ್ಲೂ ಬಲವಾಗಿದೆ. ಕಾಡಿನ ಮೇಲಿನ ಪ್ರೀತಿಯಿಂದಲೇ ಬಹುಪಾಲು ವಿದ್ಯಾರ್ಥಿಗಳು ಇತ್ತ ಬರುತ್ತಾರೆ ಎಂಬುದು ನಿಜವೇ, ಆ ಪ್ರೀತಿ ಬಹಳ ದೊಡ್ಡದು. ಆದರೆ ಶಾಸ್ತ್ರವು ಕೇಳುವುದು ಅದಕ್ಕಿಂತ ಕಠಿಣವಾದದ್ದನ್ನು. ಎಲ್ಲರೂ ನಂಬಿರುವ ವಿವರಣೆಯನ್ನು, ತಾನೇ ಇಷ್ಟಪಡುವ ವಿವರಣೆಯನ್ನು ಕೂಡ, ಎಣಿಕೆ ಮತ್ತು ಪ್ರಯೋಗಗಳ ಮುಂದೆ ನಿಲ್ಲಿಸಿ ಅದು ಉಳಿಯುವುದೋ ಇಲ್ಲವೋ ಎಂದು ನೋಡುವ ಸೈರಣೆಯನ್ನು ಅದು ಕೇಳುತ್ತದೆ.

1970ರ ದಶಕದಲ್ಲಿ ಕರ್ನಾಟಕದ ಬಿದಿರಿನ ಕುರಿತು ನಡೆದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಕಾಗದದ ಕಾರ್ಖಾನೆಗಳಿಗೆ ಅಗ್ಗದ ದರದಲ್ಲಿ ಬಿದಿರು ಹೋಗುತ್ತಿದ್ದು, ಬುಟ್ಟಿ ಹೆಣೆಯುವವರಿಗೆ ಅದು ಸಿಗದಂತಾಗುತ್ತಿದ್ದ ಆ ಕಾಲದಲ್ಲಿ, ಬಿದಿರು ಕ್ಷೀಣಿಸಲು ಹಳ್ಳಿಗರ ದನಕರುಗಳೇ ಕಾರಣವೆಂಬ ನಂಬಿಕೆ ಅಧಿಕಾರವಲಯದಲ್ಲಿ ಬೇರೂರಿತ್ತು. ರಾಜ್ಯ ಸರ್ಕಾರದ ಕೋರಿಕೆಯ ಮೇರೆಗೆ ಗಾಡ್ಗೀಳ್ ಮತ್ತು ಸಂಗಡಿಗರು ಮೆಳೆಗಳನ್ನು ಒಂದೊಂದಾಗಿ ಅಳೆದು ನೋಡಿದಾಗ ಬೇರೆಯೇ ಸಂಗತಿ ಹೊರಬಿತ್ತು. ಕಟಾವಿಗೆ ಅನುಕೂಲವಾಗಲೆಂದೂ ಬಿದಿರು ಚೆನ್ನಾಗಿ ಬೆಳೆಯಲೆಂದೂ ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಸ್ವಚ್ಛಗೊಳಿಸಬೇಕೆಂಬ ಶಿಫಾರಸು ಜಾರಿಯಲ್ಲಿತ್ತು. ಎಳೆಯ ಕಳಲೆಯನ್ನು ಮೇಯುವ ಬಾಯಿಗಳಿಂದ ಕಾಪಾಡುತ್ತಿದ್ದುದು ಆ ಮುಳ್ಳೇ ಆಗಿದ್ದರಿಂದ, ಸ್ವಚ್ಛಗೊಳಿಸಿದ ಮೆಳೆಯ ಕಳಲೆ ದನಗಳಿಗೂ ಕಾಡುಪ್ರಾಣಿಗಳಿಗೂ ಸುಲಭವಾಗಿ ಸಿಕ್ಕಿ ಹೊಸ ಗಳುಗಳೇ ಏಳದಂತಾಗಿದ್ದವು. ಹಳ್ಳಿಗರಿಗೆ ಗೊತ್ತಿದ್ದ ಈ ಮಾತು ಅಳತೆಯ ರೂಪ ಪಡೆದಾಗ ಮಾತ್ರ ಕಡತದಲ್ಲಿ ಸ್ಥಾನ ಪಡೆಯಿತು ಎಂಬುದನ್ನೂ ಇಲ್ಲಿ ಗಮನಿಸಬೇಕು.

ಅಳತೆಯು ಒಂದೆರಡು ವರ್ಷಗಳಲ್ಲಿ ಮುಗಿಯದ ಸಂದರ್ಭಗಳೇ ಈ ಶಾಸ್ತ್ರದಲ್ಲಿ ಹೆಚ್ಚು. ಬಂಡೀಪುರಕ್ಕೆ ಅಂಟಿಕೊಂಡಿರುವ ತಮಿಳುನಾಡಿನ ಮುದುಮಲೆಯಲ್ಲಿ ವಿಜ್ಞಾನ ಸಂಸ್ಥೆಯ ಕೇಂದ್ರವು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಎದೆಮಟ್ಟದಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿಯೊಂದು ಮರಗಿಡಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿ, ಅದರ ಜಾತಿ, ಸ್ಥಾನ, ಸುತ್ತಳತೆಗಳನ್ನು ದಾಖಲಿಸಲು ತೊಡಗಿತು. ತೇಗ, ನಂದಿ, ಮತ್ತಿ, ದಿಂಡಿಗ ಮೊದಲಾದ ಎಪ್ಪತ್ತರಷ್ಟು ಜಾತಿಗಳ, 25 ಸಾವಿರಕ್ಕೂ ಹೆಚ್ಚು ಸಸ್ಯಗಳ ಲೆಕ್ಕವದು. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಸ್ಟೀಫನ್ ಹಬೆಲ್ ಮತ್ತು ರಾಬಿನ್ ಫಾಸ್ಟರ್ ಇಂಥದ್ದೇ 50 ಹೆಕ್ಟೇರಿನಲ್ಲಿ ಸುಮಾರು 300 ಜಾತಿಗಳ ಎರಡು ಲಕ್ಷಕ್ಕೂ ಮಿಕ್ಕ ಸಸ್ಯಗಳನ್ನು ಎಣಿಸಿದ್ದರು. ತೇವ ಹೆಚ್ಚಿರುವ ಕಾಡಿಗೂ ಬೇಸಗೆಯಲ್ಲಿ ಎಲೆಯುದುರಿಸಿ ಬೆಂಕಿಗೆ ತುತ್ತಾಗುವ ಕಾಡಿಗೂ ಇರುವ ಅಂತರವನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಮುದುಮಲೆಯಲ್ಲಿ ಅಂದಿನಿಂದ ಪ್ರತಿವರ್ಷ ಯಾವ ಗಿಡ ಸತ್ತಿತು, ಯಾವುದು ಹೊಸದಾಗಿ ಸೇರಿತು ಎಂಬ ಗಣತಿ ನಡೆದುಬಂದಿದೆ, ಕೆಲವು ವರ್ಷಗಳಿಗೊಮ್ಮೆ ಬೆಳವಣಿಗೆಯ ಅಳತೆಯೂ ಆಗುತ್ತದೆ. ಇದರಿಂದ, ಬೆಂಕಿಗೆ ಬಲಿಯಾಗುವವು ಮುಖ್ಯವಾಗಿ ಸಣ್ಣ ಗಾತ್ರದ ಗಿಡಗಳೆಂಬುದೂ, ಆನೆಗಳಿಗೆ ಪ್ರಿಯವಾದ ಕೈಡಿಯದಂಥ ಕೆಲವು ಮರಗಳ ಸಂಖ್ಯೆ ತೀವ್ರವಾಗಿ ಕುಸಿಯಿತೆಂಬುದೂ, ಬರಗಾಲದ ಸಾವುಗಳು ಬರದ ವರ್ಷದಲ್ಲೇ ಕಾಣದೆ ತಡವಾಗಿಯೂ ಕಾಣಬಲ್ಲವೆಂಬುದೂ ತಿಳಿದುಬಂದಿವೆ. ಮೂರು ವರ್ಷದ ಯೋಜನೆಯೊಂದರಲ್ಲಿ ಈ ಯಾವ ಸಂಗತಿಯೂ ನಂಬಿಕೆಗೆ ಅರ್ಹವಾಗುವಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಕಾಡಿಗೆ ಹೋಗದೆಯೂ ಇಂಥ ಸಂಶೋಧನೆ ಸಾಧ್ಯ ಎಂಬುದನ್ನು ರಾಘವೇಂದ್ರ ಗದಗಕರ್ ಅವರ ಕಣಜಗಳ ಅಧ್ಯಯನ ತೋರಿಸಿಕೊಟ್ಟಿದೆ, ಮತ್ತು ವಿಕಾಸ ಜೀವವಿಜ್ಞಾನವು ತನ್ನ ಪ್ರಶ್ನೆಗಳನ್ನು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಅರಿಯಲು ಅದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಅಣುಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಗದಗಕರ್, ಕಟ್ಟಡಗಳ ಕಿಟಕಿ, ಗೋಡೆಗಳ ಮೇಲೆ ಕಾಗದದಂಥ ಸಣ್ಣ ಗೂಡು ಕಟ್ಟುವ ರೊಪಾಲಿಡಿಯ ಮಾರ್ಜಿನೇಟ ಎಂಬ ಕಣಜವನ್ನು ಮೊದಲು ಹವ್ಯಾಸವಾಗಿ ನೋಡತೊಡಗಿ, ಕೊನೆಗೆ ಅದನ್ನೇ ಜೀವನದ ಕೆಲಸವಾಗಿಸಿಕೊಂಡರು. ಈ ಗೂಡಿನಲ್ಲಿ ಒಂದೇ ಒಂದು ಹೆಣ್ಣು ರಾಣಿಯಾಗಿ ಮೊಟ್ಟೆಯಿಡುತ್ತದೆ. ಉಳಿದ ಹೆಣ್ಣುಗಳು ಗೂಡು ಕಟ್ಟುತ್ತವೆ, ಬೇಟೆ ತರುತ್ತವೆ, ರಾಣಿಯ ಮರಿಹುಳುಗಳನ್ನು ಸಾಕುತ್ತವೆ. ರಾಣಿಗೂ ಕೆಲಸಗಾರರಿಗೂ ದೇಹರಚನೆಯಲ್ಲಿ ಜೇನಿನಲ್ಲಿರುವಂಥ ಭೇದ ಇಲ್ಲಿಲ್ಲ, ಬಹುತೇಕ ಯಾವ ಕೆಲಸಗಾರ ಹೆಣ್ಣಾದರೂ ಗೂಡು ಬಿಟ್ಟುಹೋಗಿ ತಾನೇ ರಾಣಿಯಾಗಬಲ್ಲದು. ಹಾಗಿರುವಾಗ ತನ್ನ ಮಕ್ಕಳನ್ನು ಹೆರದೆ ಇನ್ನೊಬ್ಬಳ ಮಕ್ಕಳನ್ನು ಸಾಕುವ ಸ್ವಭಾವ ನಿಸರ್ಗದ ಆಯ್ಕೆಯಲ್ಲಿ ಅಳಿಸಿಹೋಗದೆ ಉಳಿದದ್ದು ಹೇಗೆ?

ಇದಕ್ಕೆ 1964ರಲ್ಲಿ ಇಂಗ್ಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಒಂದು ಸೂತ್ರ ಕೊಟ್ಟಿದ್ದನು. ರಕ್ತಸಂಬಂಧಿಯ ಮೈಯಲ್ಲೂ ತನ್ನವೇ ವಂಶವಾಹಿಗಳ ಪ್ರತಿಗಳು ಇರುತ್ತವೆಯಾದ್ದರಿಂದ, ಉಪಕಾರದಿಂದ ಸಂಬಂಧಿಗೆ ಆಗುವ ಲಾಭವನ್ನು ಸಂಬಂಧದ ಪ್ರಮಾಣದಿಂದ ಗುಣಿಸಿದಾಗ ಬರುವ ಮೊತ್ತವು ಉಪಕಾರಿಗೆ ತಗಲುವ ನಷ್ಟಕ್ಕಿಂತ ಹೆಚ್ಚಾಗಿದ್ದರೆ ಅಂಥ ಸ್ವಭಾವ ಹರಡಬಲ್ಲದು ಎಂಬುದು ಆ ಸೂತ್ರ. ಕಣಜ, ಇರುವೆ, ಜೇನುಗಳಲ್ಲಿ ಗಂಡು ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ; ಹೀಗಾಗಿ ಒಂದೇ ತಂದೆತಾಯಿಯ ಅಕ್ಕತಂಗಿಯರ ನಡುವಣ ಸಂಬಂಧ ನಾಲ್ಕನೇ ಮೂರರಷ್ಟಿದ್ದರೆ ತಾಯಿಮಗಳ ಸಂಬಂಧ ಅರ್ಧ ಮಾತ್ರ, ಎಂದ ಮೇಲೆ ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದೇ ಲಾಭಕರವೆಂಬ ವಿವರಣೆ ಪಠ್ಯಪುಸ್ತಕಗಳಲ್ಲಿ ಬಹಳ ಪ್ರಸಿದ್ಧವಾಯಿತು. ಬೆಂಗಳೂರಿನ ಕಣಜಗಳು ಈ ಅಚ್ಚುಕಟ್ಟಾದ ಲೆಕ್ಕಕ್ಕೆ ಒಗ್ಗಲಿಲ್ಲ. ಅವುಗಳ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುತ್ತದೆ. ಜೊತೆಗೆ ಗೂಡಿನಲ್ಲಿ ರಾಣಿಯರು ಒಬ್ಬರಾದ ಮೇಲೊಬ್ಬರಂತೆ ಬದಲಾಗುತ್ತಿರುವುದರಿಂದ, ಕೆಲಸಗಾರ ಹೆಣ್ಣು ಸಾಕುತ್ತಿರುವುದು ಎಷ್ಟೋ ಸಲ ತಂಗಿಯನ್ನಲ್ಲ, ಸೋದರಿಯ ಮಗಳನ್ನೋ ದೂರದ ಬಂಧುವನ್ನೋ ಆಗಿರುತ್ತದೆ. ಸಂಬಂಧದ ಬಲವೊಂದರಿಂದಲೇ ಈ ತ್ಯಾಗವನ್ನು ವಿವರಿಸಲು ಸಾಧ್ಯವಾಗದೆ ಹೋದಾಗ ಗದಗಕರ್ ಸೂತ್ರದ ಇನ್ನೊಂದು ಬದಿಯನ್ನು, ಅಂದರೆ ಲಾಭನಷ್ಟಗಳನ್ನು, ಸೂಕ್ಷ್ಮವಾಗಿ ನೋಡಿದರು. ಮೊಟ್ಟೆಯು ಬೆಳೆದು ರೆಕ್ಕೆಯ ಕಣಜವಾಗಲು ಎರಡು ತಿಂಗಳ ಆಸುಪಾಸು ಹಿಡಿಯುತ್ತದೆ, ಕೆಲಸಗಾರ ಕಣಜದ ಸರಾಸರಿ ಆಯುಸ್ಸು ಅದಕ್ಕಿಂತ ಕಡಿಮೆ; ಒಂಟಿಯಾಗಿ ಗೂಡು ಹೂಡಿದ ಹೆಣ್ಣು ನಡುವೆ ಸತ್ತರೆ ಅದುವರೆಗಿನ ಶ್ರಮವೆಲ್ಲ ಶೂನ್ಯವಾಗುತ್ತದೆ. ತುಂಬು ಗೂಡಿನಲ್ಲಿ ದುಡಿದ ಹೆಣ್ಣು ಸತ್ತರೆ ಅದು ಅರ್ಧ ಸಾಕಿದ ಮರಿಯನ್ನು ಇನ್ನೊಬ್ಬಳು ಮುಂದುವರಿಸುತ್ತಾಳೆ, ಸತ್ತವಳ ಪಾಲು ವ್ಯರ್ಥವಾಗುವುದಿಲ್ಲ. ಖಚಿತವಾಗಿ ದಕ್ಕುವ ಸಣ್ಣ ಪಾಲು ಅನಿಶ್ಚಿತವಾದ ದೊಡ್ಡ ಪಾಲಿಗಿಂತ ಮೇಲಾಗಬಲ್ಲದು ಎಂಬ ಈ ವಾದವನ್ನು ಅವರು 1990ರಲ್ಲಿ ಗಣಿತದ ರೂಪದಲ್ಲಿ ಮಂಡಿಸಿದರು. ಅದು ಈ ಒಂದು ಕಣಜದ ಗಡಿಯನ್ನು ದಾಟಿ ಸಮಾಜಜೀವಿ ಕೀಟಗಳ ವಿಕಾಸದ ಚರ್ಚೆಯಲ್ಲಿ ಸ್ಥಾನ ಪಡೆದಿದೆ.

ಇದೇ ಗೂಡಿನ ರಾಜಕೀಯವೂ ಕುತೂಹಲಕರವಾದದ್ದು. ರಾಣಿ ಇಲ್ಲಿ ಜಗಳಗಂಟಿಯಲ್ಲ, ಸಾಧುಸ್ವಭಾವದ್ದು. ತನ್ನ ಇರುವಿಕೆಯನ್ನು ಅದು ಬಲದಿಂದಲ್ಲ, ಮೈಯಿಂದ ಸ್ರವಿಸುವ ರಾಸಾಯನಿಕದಿಂದ ತಿಳಿಸುತ್ತದೆ. ಸಂಶೋಧಕರು ರಾಣಿಯನ್ನು ತೆಗೆದಾಗ ಕೆಲವೇ ನಿಮಿಷಗಳಲ್ಲಿ ಒಂದು ಕೆಲಸಗಾರ ಹೆಣ್ಣು ಮಾತ್ರ ವಿಪರೀತ ಆಕ್ರಮಣಶೀಲವಾಗುತ್ತದೆ, ಉಳಿದವು ಅದನ್ನು ಎದುರಿಸುವುದಿಲ್ಲ, ಕ್ರಮೇಣ ಅದು ಶಾಂತವಾಗಿ ಮೊಟ್ಟೆಯಿಡತೊಡಗುತ್ತದೆ. ಮುಂದಿನ ರಾಣಿ ಯಾರೆಂಬುದು ಕಣಜಗಳಿಗೆ ಮೊದಲೇ ಗೊತ್ತಿರುವಂತಿದ್ದರೂ ನೋಡುವ ಮನುಷ್ಯರಿಗೆ ಅದನ್ನು ಮುಂಚಿತವಾಗಿ ಗುರುತಿಸುವುದು ಬಹುಕಾಲ ಕೈಗೂಡಲಿಲ್ಲ. ಪ್ರತಿ ಕಣಜದ ಬೆನ್ನಿಗೂ ಬಣ್ಣದ ಚುಕ್ಕೆಯಿಟ್ಟು ತಾಸುಗಟ್ಟಲೆ ಬರೆದಿಡುವುದೇ ಈ ಸಂಶೋಧನೆಯ ಮುಖ್ಯ ಉಪಕರಣವಾಗಿತ್ತು. ದುಬಾರಿ ಯಂತ್ರಗಳಿಲ್ಲದ ಸಣ್ಣ ಊರಿನ ಕಾಲೇಜಿನಲ್ಲೂ ಇಂಥ ಕೆಲಸ ಆರಂಭವಾಗಬಹುದು ಎಂಬುದನ್ನು ಈ ಉದಾಹರಣೆ ಎತ್ತಿ ಹೇಳುತ್ತದೆ.

ಸಸ್ಯಗಳಲ್ಲೂ ಬಂಧುಗಳ ನಡುವೆ ಹಿತಾಸಕ್ತಿಯ ತಿಕ್ಕಾಟವಿದೆ ಎಂಬುದನ್ನು ಜಿಕೆವಿಕೆಯ ಕೆ.ಎನ್. ಗಣೇಶಯ್ಯ ಮತ್ತು ಆರ್. ಉಮಾಶಂಕರ್ ತೋರಿಸಿದರು, ಕನ್ನಡ ಓದುಗರಿಗೆ ಗಣೇಶಯ್ಯನವರು ಕಾದಂಬರಿಕಾರರಾಗಿಯೇ ಹೆಚ್ಚು ಪರಿಚಿತರು. ಬೀಟೆಯ ಹತ್ತಿರದ ಸಂಬಂಧಿಯಾದ ಶೀಶಮ್ ಮರದ ಎಳೆಗಾಯಿಯಲ್ಲಿ ಹಲವು ಬೀಜಾಂಡಗಳಿದ್ದರೂ ಬಲಿತ ಕಾಯಿಯಲ್ಲಿ ಸಾಮಾನ್ಯವಾಗಿ ಉಳಿಯುವುದು ಒಂದೇ ಬೀಜ. ಮೊದಲು ಫಲಿತವಾದ ಬೀಜವು ಹೊರಸೂಸುವ ರಾಸಾಯನಿಕವು ಸೋದರ ಬೀಜಗಳನ್ನು ಕೊಲ್ಲುತ್ತದೆ ಎಂಬುದನ್ನು ಅವರು 1988ರಲ್ಲಿ ಪ್ರಕಟಿಸಿದರು. ಗಾಳಿಯಲ್ಲಿ ತೇಲಿಹೋಗುವ ಈ ಕಾಯಿ ಹಗುರವಾದಷ್ಟೂ ದೂರ ಸಾಗುವುದರಿಂದ ಒಂಟಿ ಬೀಜಕ್ಕೆ ಲಾಭವಿದೆ. ಆದರೆ ತಾಯಿಮರದ ಲೆಕ್ಕದಲ್ಲಿ ಎಲ್ಲ ಬೀಜಗಳೂ ಸಮಾನ ಬಂಧುಗಳು, ಬೀಜದ ಲೆಕ್ಕದಲ್ಲಿ ತಾನೇ ಮೊದಲು.

ವಿಕಾಸವೆಂದರೆ ಕೋಟ್ಯಂತರ ವರ್ಷಗಳ ಹಿಂದೆ ನಡೆದುಹೋದ ಸಂಗತಿ ಎಂಬ ಭಾವನೆಯನ್ನು ಹಣ್ಣಿನ ನೊಣ ಸುಳ್ಳು ಮಾಡುತ್ತದೆ, ಏಕೆಂದರೆ ಅದರ ತಲೆಮಾರು ಎರಡು ಮೂರು ವಾರಗಳಲ್ಲಿ ಮುಗಿಯುತ್ತದೆ. ಡ್ರೊಸೊಫಿಲ ಎಂದು ಹೆಸರಾದ ಈ ನೊಣದ ಅಧ್ಯಯನಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ದೀರ್ಘ ಪರಂಪರೆಯಿದೆ. ಅಲ್ಲಿ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಅವರು ಎಂಟು ವರ್ಣತಂತುಗಳಿರುವ ನಾಸುಟ ಮತ್ತು ಆರು ವರ್ಣತಂತುಗಳಿರುವ ಆಲ್ಬೊಮಿಕಾನ್ಸ್ ಎಂಬ ಎರಡು ಒಳಬಗೆಗಳನ್ನು ಪ್ರಯೋಗಾಲಯದಲ್ಲಿ ಕೂಡಿಸಿ, ಅವುಗಳ ಸಂತತಿಯಿಂದ ತಾಯಿತಂದೆಯರಿಬ್ಬರನ್ನೂ ಹೋಲದ ವರ್ಣತಂತು ಜೋಡಣೆಯುಳ್ಳ ಹೊಸ ವಂಶಗಳು ನೆಲೆಗೊಳ್ಳುವುದನ್ನು 1980ರ ದಶಕದಿಂದ ತಲೆಮಾರು ತಲೆಮಾರಾಗಿ ಗಮನಿಸಿದರು. ಅವಕ್ಕೆ ಸೈಟೋರೇಸ್ ಎಂದು ಹೆಸರಿಟ್ಟರು. ಜಕ್ಕೂರಿನಲ್ಲಿ ಅಮಿತಾಭ್ ಜೋಷಿಯವರ ಪ್ರಯೋಗಾಲಯವು ಕಿಕ್ಕಿರಿದ ಬಾಟಲಿಗಳಲ್ಲಿ ನೊಣಗಳ ಮರಿಹುಳುಗಳನ್ನು ಬೆಳೆಸಿ, ಇಕ್ಕಟ್ಟಿಗೆ ಅವು ಹೇಗೆ ಹೊಂದಿಕೊಳ್ಳುತ್ತವೆ ಎಂದು ಪರೀಕ್ಷಿಸಿತು. ಅಮೆರಿಕದ ಹಿಂದಿನ ಪ್ರಯೋಗಗಳಲ್ಲಿ ಅಂಥ ಮರಿಹುಳುಗಳು ಹೆಚ್ಚು ವೇಗವಾಗಿ ತಿನ್ನುವಂತೆ ವಿಕಾಸಗೊಂಡಿದ್ದವು. ಇಲ್ಲಿ ಬೇರೆ ಜಾತಿಯ ನೊಣಗಳು ತಿನ್ನುವ ವೇಗವನ್ನು ಹೆಚ್ಚಿಸಿಕೊಳ್ಳದೆಯೇ ಸ್ಪರ್ಧೆಯಲ್ಲಿ ಬಲಗೊಂಡವು. ಒಂದೇ ಬಗೆಯ ಒತ್ತಡಕ್ಕೆ ವಿಕಾಸವು ಒಂದೇ ಉತ್ತರ ಕೊಡಬೇಕಾಗಿಲ್ಲ ಎಂಬ ಮುಖ್ಯವಾದ ತಿಳಿವು ಇದರಿಂದ ದೊರಕಿತು.

ಈ ಎಲ್ಲ ಅಧ್ಯಯನಗಳ ಬೆನ್ನೆಲುಬು ಸಂಖ್ಯಾಶಾಸ್ತ್ರವಾಗಿದ್ದು, ಈ ವಿದ್ಯೆಯ ಕೋರ್ಸಿಗೆ ಸೇರುವ ವಿದ್ಯಾರ್ಥಿಗಳು ಬಹುಮಟ್ಟಿಗೆ ಎದುರುನೋಡದೆ ಇರುವುದೂ ಅದನ್ನೇ. ಎಂಜಿನಿಯರಿಂಗ್ ಓದಿ ಆಮೇಲೆ ವನ್ಯಜೀವಿ ವಿಜ್ಞಾನಕ್ಕೆ ಬಂದ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳನ್ನು ಎಣಿಸಿದ ಬಗೆ ಇದರ ಮಹತ್ವವನ್ನು ತಿಳಿಸುತ್ತದೆ. ಹುಲಿಯ ಹೆಜ್ಜೆಗುರುತು ನೋಡಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಗುರುತಿಸಬಹುದೆಂಬ ಹಳೆಯ ಪದ್ಧತಿಯನ್ನು ಪ್ರಶ್ನಿಸಿದ ಅವರು, ಪ್ರಾಣಿ ಹಾದುಹೋದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ದಾರಿಗಳಲ್ಲಿ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, 1995ರಲ್ಲಿ ಹೊಸ ವಿಧಾನವನ್ನು ಪ್ರಕಟಿಸಿದರು. ಮೊದಲ ಸುತ್ತಿನಲ್ಲಿ 20 ಹುಲಿಗಳು ಚಿತ್ರದಲ್ಲಿ ಸಿಕ್ಕಿ, ಎರಡನೆಯ ಸುತ್ತಿನಲ್ಲಿ ಸಿಕ್ಕ 20ರಲ್ಲಿ 10 ಮಾತ್ರ ಹಳೆಯವಾಗಿದ್ದರೆ, ಒಂದು ಸುತ್ತಿನಲ್ಲಿ ಸುಮಾರು ಅರ್ಧದಷ್ಟು ಹುಲಿಗಳಷ್ಟೇ ಸಿಗುತ್ತವೆಂದೂ ಒಟ್ಟು ಸಂಖ್ಯೆ 40ರ ಆಸುಪಾಸೆಂದೂ ಅಂದಾಜಿಸಬಹುದು; ನಿಜವಾದ ಲೆಕ್ಕ ಇದಕ್ಕಿಂತ ಜಟಿಲವಾದರೂ ತತ್ತ್ವ ಇದೇ. ಕಾಣದೆ ಉಳಿದ ಪ್ರಾಣಿಗಳನ್ನೂ ಲೆಕ್ಕಕ್ಕೆ ತರುವ ಈ ಬಗೆಯ ಎಣಿಕೆಯ ಅಗತ್ಯವು, ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂದು 2005ರಲ್ಲಿ ಬಯಲಾದಾಗ ಇಡೀ ದೇಶಕ್ಕೆ ಮನವರಿಕೆಯಾಯಿತು.

ಹೀಗಿರುವುದರಿಂದ ಈ ವಿಷಯದ ಸ್ನಾತಕೋತ್ತರ ಶಿಕ್ಷಣದಲ್ಲಿ ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಪ್ರೋಗ್ರಾಮಿಂಗ್, ಜೀವಿಸಮೂಹಗಳ ತಳಿಶಾಸ್ತ್ರ, ಪ್ರಾಣಿ ವರ್ತನೆ, ಜೀವಿಗಳ ವರ್ಗೀಕರಣ ಇವೆಲ್ಲ ಸೇರುತ್ತವೆ; ಪಾಠದಷ್ಟೇ ತೂಕ ಕ್ಷೇತ್ರಕಾರ್ಯಕ್ಕೂ ಪ್ರಬಂಧಕ್ಕೂ ಇರುತ್ತದೆ. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣೆಯ ಎಂ.ಎಸ್‌ಸಿ., ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಕೋರ್ಸು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವನ್ಯಜೀವಿ ವಿಭಾಗ, ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು, ಪುಣೆ ಮೊದಲಾದೆಡೆಯ ಐಸರ್ ಸಂಸ್ಥೆಗಳು ಬೇರೆ ಬೇರೆ ದಾರಿಗಳನ್ನು ತೆರೆದಿಟ್ಟಿವೆ. ಡಾಕ್ಟರೇಟ್ ಮಟ್ಟದಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಓದಿದವರಲ್ಲದೆ ಭೌತಶಾಸ್ತ್ರ, ಗಣಿತ, ಎಂಜಿನಿಯರಿಂಗ್ ಪದವೀಧರರೂ ಬರುತ್ತಾರೆ. ಗಣಿತಕ್ಕೆ ಹೆದರಿ ಜೀವವಿಜ್ಞಾನವನ್ನು ಆರಿಸಿಕೊಳ್ಳುವ ಪದವಿಪೂರ್ವ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ಯಾರಾದರೂ ಮೊದಲೇ ಹೇಳುವುದು ಒಳ್ಳೆಯದು.

ಆದರೆ ವಿಶ್ವವಿದ್ಯಾಲಯದ ಬಾಗಿಲಿಗೆ ಬರುವ ಮುಂಚಿನ ಹಾದಿ ಕಿರಿದಾಗುತ್ತಿದೆ. ಎನ್‌ಸಿಇಆರ್‌ಟಿಯು ಹತ್ತನೆಯ ತರಗತಿಯ ವಿಜ್ಞಾನದ ಪಠ್ಯದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟದ್ದು 2023ರಲ್ಲಿ ದೇಶದಾದ್ಯಂತ ಚರ್ಚೆಯಾಗಿ, 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಅದನ್ನು ವಿರೋಧಿಸಿ ಸಹಿ ಹಾಕಿದರು. ಆ ವಿಷಯ ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಉಳಿದಿದೆಯಾದರೂ ಅದನ್ನು ಓದುವವರು ಜೀವಶಾಸ್ತ್ರವನ್ನು ಆರಿಸಿಕೊಂಡವರಷ್ಟೇ. ವಾಣಿಜ್ಯಕ್ಕೋ ಕಲೆಗೋ ದುಡಿಮೆಗೋ ಹೋಗುವ ಮಕ್ಕಳು ಡಾರ್ವಿನ್ನನ ವಿಚಾರವನ್ನು ಶಾಲೆಯಲ್ಲಿ ಒಮ್ಮೆಯೂ ಸರಿಯಾಗಿ ಎದುರುಗೊಳ್ಳದೆ ಉಳಿಯುವಂತಾಗಿದೆ. ಹಾರುವ ಓತಿಯ ಬೆನ್ನುಹತ್ತಿದ ವಿಜ್ಞಾನಿಯ ಕತೆಯಾದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಮೂಲಕ ವಿಕಾಸದ ಬೆರಗನ್ನು ಮೊದಲು ಕಂಡುಕೊಂಡ ಕನ್ನಡಿಗರು ಬಹಳ ಮಂದಿ. ಅಂಥ ಬೆರಗನ್ನು ಹುಟ್ಟಿಸಬಲ್ಲ ಭಾಷೆಯಲ್ಲಿ, ಆ ಬೆರಗಿನಿಂದ ಮುಂದಕ್ಕೆ ಕರೆದೊಯ್ಯುವ ಉನ್ನತ ಶಿಕ್ಷಣದ ಪಠ್ಯಗಳ ಕೊರತೆಯಿರುವುದು ವಿಷಾದದ ಸಂಗತಿ.

ಜನರ ಮಾತಿನಲ್ಲಿರುವ ತಿಳಿವನ್ನು ಶಾಸ್ತ್ರವು ಹೇಗೆ ಕಾಣುತ್ತದೆ ಎಂಬ ರೂಪದಲ್ಲಿ ಈ ಭಾಷೆಯ ಪ್ರಶ್ನೆ ಸಂಶೋಧನೆಯ ಒಳಗೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಆರಂಭದಲ್ಲಿ ಒಣಗಿದ ತರಗೆಲೆಗಳಿಗೆ ಹಾಕುತ್ತಿದ್ದ ಲಘುವಾದ ಬೆಂಕಿಯನ್ನು ತರಗು ಬೆಂಕಿ ಎನ್ನುತ್ತಾರೆ. 1970ರ ದಶಕದಲ್ಲಿ ಬೆಟ್ಟ ವನ್ಯಜೀವಿಧಾಮವಾಗಿ ಆ ರೂಢಿ ನಿಂತ ಮೇಲೆ ಲಂಟಾನ ಕಾಡಿನ ತುಂಬ ಹಬ್ಬಿತೆಂದೂ, ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಬಂದಳಿಕೆ ಹೆಚ್ಚಾಗಿ ಅವು ಸೊರಗಿದವೆಂದೂ ಅವರು ಹೇಳುತ್ತ ಬಂದಿದ್ದಾರೆ. ಬೆಂಗಳೂರಿನ ಸಂಶೋಧಕರು ಈ ಮಾತನ್ನು ಕೇವಲ ಅಭಿಪ್ರಾಯವೆಂದು ಬದಿಗಿಡದೆ, ಪರೀಕ್ಷಿಸಬಹುದಾದ ಪ್ರಮೇಯವೆಂದು ಕೈಗೆತ್ತಿಕೊಂಡು, ನೆಲ್ಲಿ ಮರಗಳನ್ನೂ ಬಂದಳಿಕೆಯನ್ನೂ ಸೋಲಿಗರ ಜೊತೆಗೂಡಿಯೇ ವರ್ಷಗಟ್ಟಲೆ ಎಣಿಸುತ್ತ ಬಂದಿದ್ದಾರೆ. ಸೋಲಿಗ ಸಮುದಾಯದಿಂದಲೇ ಡಾಕ್ಟರೇಟ್ ಪಡೆದವರು ಇಂದು ಆ ಬೆಟ್ಟದ ಕುರಿತ ಸಂಶೋಧನಾ ಲೇಖನಗಳ ಕರ್ತೃಗಳಲ್ಲಿ ಸೇರಿದ್ದಾರೆ.